ಗುಂಡಿಲ್ಲದ ಸೀಟಿ

ವಾಲಿಬಾಲ್ ಪಂದ್ಯದಲ್ಲಿ ಸೀಟಿ ಊದದೆ ಏನೂ ನಡೆಯುವುದಿಲ್ಲ. ನೆಟ್ಟಿನ ಕಂಬದ ಪಕ್ಕ, ಎತ್ತರದ ಸ್ಟ್ಯಾಂಡಿನ ಮೇಲೆ ನಿಂತ ಮೊದಲ ರೆಫ್ರಿ ಊದಿದ ಮೇಲೆಯೇ ಸರ್ವೀಸು. ಊದಿದ ಎಂಟು ಸೆಕೆಂಡಿನೊಳಗೆ ಚೆಂಡು ಹೊಡೆಯಬೇಕು. ಚೆಂಡು ನೆಲ ಮುಟ್ಟಿತೋ, ಕೈ ನೆಟ್ಟಿಗೆ ತಗುಲಿತೋ, ಕಾಲು ಗೆರೆ ದಾಟಿತೋ, ಮತ್ತೆ ಸೀಟಿ. ಒಂದು ಸೆಟ್ 25-20ಕ್ಕೆ ಮುಗಿಯಿತು ಎನ್ನಿ. ಪಾಯಿಂಟು 45, ಒಂದೊಂದಕ್ಕೂ ಶುರುವಿಗೊಂದು, ಕೊನೆಗೊಂದು ಎಂದರೆ ಆ ಒಂದು ಸೆಟ್ಟಿಗೇ 90 ಸಲ. ಪಂದ್ಯ ಐದನೇ ಸೆಟ್ಟಿಗೆ ಹೋದರೆ ನಾನೂರರ ಆಸುಪಾಸು. ಆಟಗಾರನ ಒಂದು ಸರ್ವೀಸು ಹಾಳಾದರೆ ಇನ್ನೊಂದು ಸಿಗುತ್ತದೆ, ಜನ ಮರೆಯುತ್ತಾರೆ. ರೆಫ್ರಿಯ ನಾನೂರರಲ್ಲಿ ಒಂದು ಹಾಳಾದರೆ ಜನ ನೆನಪಿಟ್ಟುಕೊಳ್ಳುವುದು ಆ ಒಂದನ್ನೇ.

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಈ ಕೆಲಸ ಮಾಡುವವರಲ್ಲಿ ಬಹುಪಾಲು ಶಾಲೆಗಳ ದೈಹಿಕ ಶಿಕ್ಷಣ ಶಿಕ್ಷಕರು. ಊರವರ ಬಾಯಲ್ಲಿ ಪಿ.ಟಿ. ಮೇಷ್ಟ್ರು. ಹೋಬಳಿ ಮಟ್ಟದ, ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳು ಬರುವುದು ಮಳೆಗಾಲದಲ್ಲಿ. ಗಣೇಶನ ಹಬ್ಬ, ರಾಜ್ಯೋತ್ಸವದ ಹೊತ್ತಿಗೆ ಯುವಕ ಸಂಘಗಳ ಹೊನಲು ಬೆಳಕಿನ ಪಂದ್ಯಾವಳಿಗಳು. ಕಡೂರಿನ ಬಯಲಲ್ಲಿ ಧೂಳು, ಅಜ್ಜಂಪುರದಲ್ಲಿ ಕಾಲಿಗೆ ಮೆತ್ತುವ ಎರೆಮಣ್ಣು, ಮಲೆನಾಡಿನ ಅಂಚಿನ ತರೀಕೆರೆಯಲ್ಲಿ ಬಿಟ್ಟೂಬಿಡದ ಜಡಿ. ಅದರ ಮೇಲೆ ತಮಟೆ, ಕೇಕೆ, ಶಿಳ್ಳೆ, ವೀಕ್ಷಕ ವಿವರಣೆಯ ಮೈಕು. ಈ ಗದ್ದಲದ ನಡುವೆ ಬಾಯಲ್ಲಿರುವ ಎರಡಿಂಚಿನ ಒಂದು ವಸ್ತುವನ್ನು ನಂಬಿಕೊಂಡು ಒಬ್ಬರು ಎಲ್ಲರನ್ನೂ ನಿಲ್ಲಿಸಬೇಕು.

ದೊಡ್ಡ ನಗರದ ರೆಫ್ರಿಗೆ ಆಟ ಮುಗಿದ ಮೇಲೆ ಜನರ ನಡುವೆ ಕರಗಿಹೋಗುವ ಅನುಕೂಲವಿದೆ. ಇಲ್ಲಿ ಹಾಗಲ್ಲ. ರಾತ್ರಿ ತೀರ್ಪು ಕೊಟ್ಟ ಮೇಷ್ಟ್ರು ಬೆಳಗ್ಗೆ ಅದೇ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಬೇಕು, ಅದೇ ಹುಡುಗರ ಅಪ್ಪಂದಿರನ್ನು ನೋಡಬೇಕು. ‘ವಿಷಲ್ ಹೊಡುದ್ರೇನೋ ಸಾ, ನಮಗೇನೂ ಕೇಳ್ಲೇ ಇಲ್ವಲ್ಲ’ ಅನ್ನುವ ಒಂದು ಮಾತು ಸಾಕು. ಮುಂದಿನ ಪಂದ್ಯಾವಳಿಗೆ ಕರೆಯಲು ಹುಡುಗರು ಬಂದಾಗ ‘ಈ ಸಲ ಬೇರೆ ಯಾರ್ನಾದ್ರೂ ನೋಡ್ಕೊಳ್ರಪ್ಪ’ ಎಂದು ಮೇಷ್ಟ್ರು ಹೇಳಿಬಿಡುತ್ತಾರೆ. ಹಿತೈಷಿಗಳು ‘ತಲೆಗೆ ಹಚ್ಕೋಬೇಡಿ, ಧೈರ್ಯವಾಗಿರಿ’ ಎಂದು ಸಮಾಧಾನ ಮಾಡುತ್ತಾರೆ. ಹಾಗೆ ಹೇಳಿಸಿಕೊಂಡು ಧೈರ್ಯ ಬಂದ ರೆಫ್ರಿಯನ್ನು ನಾನು ಕಂಡಿಲ್ಲ. ಅದು ಬರುವ ದಾರಿ ಯಾವುದೆಂದು ಯೋಚಿಸಿದಾಗಲೆಲ್ಲ ನನಗೆ ಕೆನಡಾದ ಒಬ್ಬ ಬ್ಯಾಸ್ಕೆಟ್‌ಬಾಲ್ ರೆಫ್ರಿಯ ಕತೆ ನೆನಪಾಗುತ್ತದೆ. ಆತ ಕಂಡುಹಿಡಿದ ವಸ್ತು, ಅಥವಾ ಅದನ್ನು ನೋಡಿ ಮಾಡಿದ ಅಗ್ಗದ ನಕಲು, ಇವತ್ತು ನಮ್ಮ ಮೇಷ್ಟ್ರುಗಳ ಕೊರಳಲ್ಲೂ ನೇತಾಡುತ್ತಿದೆ.

ಹೆಸರು ರಾನ್ ಫಾಕ್ಸ್‌ಕ್ರಾಫ್ಟ್. ಊರು ಒಂಟಾರಿಯೊ ಪ್ರಾಂತ್ಯದ ಹ್ಯಾಮಿಲ್ಟನ್. ಹೊಟ್ಟೆಪಾಡಿಗೆ ಲಾರಿ ಸಾಗಣೆಯ ವ್ಯವಹಾರ, ಜೀವಕ್ಕೆ ರೆಫ್ರಿ ಕೆಲಸ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ತೀರ್ಪು ಕೊಟ್ಟಿದ್ದವರು, ಅಂದರೆ ಹೊಸಬರಲ್ಲ. 1984ರಲ್ಲಿ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಒಲಿಂಪಿಕ್ಸ್ ಪೂರ್ವಭಾವಿ ಪಂದ್ಯ. ಒಳಾಂಗಣ ತುಂಬಿ ತುಳುಕುವಷ್ಟು ಜನ, ಎಲ್ಲರೂ ಆತಿಥೇಯರ ಕಡೆಯವರು. ಬ್ರೆಜಿಲ್ ಆಟಗಾರನ ಮೇಲೆ ಎದುರಾಳಿ ಫೌಲ್ ಮಾಡಿದ. ಫಾಕ್ಸ್‌ಕ್ರಾಫ್ಟ್ ಅದನ್ನು ಕಣ್ಣಾರೆ ಕಂಡರು, ಸೀಟಿ ಬಾಯಿಗಿಟ್ಟು ಊದಿದರು. ಬರೀ ಗಾಳಿ ಬಂತು. ಮತ್ತೆ ಊದಿದರು, ಮತ್ತೂ ಗಾಳಿ. ಒಳಗಿನ ಗುಂಡು ಸಿಕ್ಕಿಹಾಕಿಕೊಂಡಿತ್ತು. ಆಟ ನಿಲ್ಲಲಿಲ್ಲ, ಫೌಲ್ ಸಿಗಲಿಲ್ಲ, ಗಲಭೆ ಏಳುವ ಮಟ್ಟಕ್ಕೆ ಜನ ರೊಚ್ಚಿಗೆದ್ದರು.

ಆ ಜನಕ್ಕೆ ಕಂಡದ್ದು ಒಂದೇ: ಕಣ್ಣೆದುರಿಗೆ ಫೌಲ್ ಆಗುತ್ತಿದ್ದರೂ ಕೊಡದ ರೆಫ್ರಿ. ಅವರ ದೃಷ್ಟಿಯಲ್ಲಿ ಅದು ಅನ್ಯಾಯವೇ. ಫಾಕ್ಸ್‌ಕ್ರಾಫ್ಟ್‌ಗೆ ಮಾತ್ರ ಗೊತ್ತಿತ್ತು, ತಾವು ಫೌಲ್ ಕೊಟ್ಟಿದ್ದೇವೆ, ಕೊಟ್ಟದ್ದು ಹೊರಗೆ ಬರಲಿಲ್ಲ ಎಂದು. ಈ ಎರಡರ ನಡುವಿನ ವ್ಯತ್ಯಾಸವನ್ನು ಗುರುತಿಸಿದ್ದೇ ಇಡೀ ಕತೆಯ ಜೀವ ಎಂದು ನನಗನಿಸುತ್ತದೆ. ಅವಮಾನವಾದ ಮನುಷ್ಯನಿಗೆ ಎಲ್ಲವೂ ಒಂದೇ ಮುದ್ದೆಯಾಗಿ ಕಾಣುತ್ತದೆ: ನಾನು ಸರಿಯಿಲ್ಲ, ನನ್ನ ಕಣ್ಣು ಸರಿಯಿಲ್ಲ, ನನಗೆ ಈ ಕೆಲಸ ಆಗದು. ಆ ಮುದ್ದೆಯನ್ನು ಬಿಡಿಸಿ ನೋಡಿದರೆ ಕಣ್ಣು ಸರಿಯಿತ್ತು, ನಿಂತ ಜಾಗ ಸರಿಯಿತ್ತು, ನಿಯಮ ಗೊತ್ತಿತ್ತು. ಕೆಟ್ಟಿದ್ದು ಕಡಲೆಕಾಳಿನಷ್ಟು ದೊಡ್ಡ ಒಂದು ಬೆಂಡಿನ ಗುಂಡು.

ಆ ಗುಂಡಿಗೆ ಆಗಲೇ ನೂರು ವರ್ಷ ವಯಸ್ಸಾಗಿತ್ತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಉಪಕರಣ ತಯಾರಕ ಜೋಸೆಫ್ ಹಡ್ಸನ್ 1883ರಲ್ಲಿ ಲಂಡನ್ ಪೊಲೀಸರಿಗಾಗಿ ಒಂದು ಸೀಟಿ ಮಾಡಿಕೊಟ್ಟ. ಅಲ್ಲಿಯವರೆಗೆ ಪೊಲೀಸರು ಕಿರ್‌ಕಿರ್ ಎನ್ನುವ ಮರದ ಗಿರಗಟ್ಟೆ ತಿರುಗಿಸುತ್ತಿದ್ದರು. ಹಡ್ಸನ್ ಪಿಟೀಲನ್ನೂ ನುಡಿಸುತ್ತಿದ್ದನೆಂದೂ, ಒಮ್ಮೆ ಅದು ಕೈಜಾರಿ ಬಿದ್ದಾಗ ಹೊರಟ ಅಪಸ್ವರ ಕೇಳಿ ಎರಡು ಹೊಂದದ ನಾದಗಳನ್ನು ಒಟ್ಟಿಗೆ ಕೂರಿಸುವ ಯೋಚನೆ ಬಂತೆಂದೂ ಹೇಳುತ್ತಾರೆ. ಮರುವರ್ಷ, 1884ರಲ್ಲಿ, ಅವನ ಕಾರ್ಖಾನೆಯಿಂದ ‘ಆಕ್ಮಿ ಥಂಡರರ್’ ಬಂತು. ಹೊಟ್ಟೆ ಗುಂಡಗಿನ ಲೋಹದ ಸೀಟಿ, ಒಳಗೆ ಓಡಾಡುವ ಬೆಂಡಿನ ಗುಂಡು. ಊದಿದ ಗಾಳಿ ಚೂಪು ಅಂಚಿಗೆ ಬಡಿದು ನಾದವಾಗುತ್ತದೆ. ಗುಂಡು ಸುತ್ತುತ್ತಾ ಕಿಂಡಿಯನ್ನು ಮುಚ್ಚಿ ತೆರೆದು ಮಾಡುವುದರಿಂದ ಆ ನಾದ ಗಡಗಡ ನಡುಗುತ್ತದೆ. ಒಂದೇ ಸಮನೆ ಬರುವ ಶಬ್ದವನ್ನು ಕಿವಿ ಬೇಗ ಬದಿಗೆ ಸರಿಸುತ್ತದೆ. ನಡುಗುವ ಶಬ್ದ ಹಾಗೆ ಬಿಡುವುದಿಲ್ಲ. ಫುಟ್‌ಬಾಲ್ ಮೈದಾನದಿಂದ ರೈಲು ಪ್ಲಾಟ್‌ಫಾರಂವರೆಗೆ ಎಲ್ಲ ಕಡೆ ಈ ಜಾತಿಯ ಸೀಟಿ ಹಬ್ಬಿತು. ಅಜ್ಜಂಪುರದ ಕಡೆಗೂ ತರೀಕೆರೆಯ ಕಡೆಗೂ ಹಳಿ ಕವಲೊಡೆಯುವ ಬೀರೂರು ಜಂಕ್ಷನ್ನಿನಲ್ಲಿ ಗಾರ್ಡಿನ ಸೀಟಿ ಕೇಳಿ ಬೆಳೆದವರಿಗೆ ಆ ನಡುಗು ಚೆನ್ನಾಗಿ ಗೊತ್ತು.

ತೊಂದರೆಯೂ ಆ ಗುಂಡಿನಲ್ಲೇ ಇತ್ತು. ಬೆಂಡು ಎಂಜಲು ಕುಡಿದು ಊದಿಕೊಳ್ಳುತ್ತದೆ. ಜೇಬಿನ ದಾರದ ಎಳೆ, ಅಂಗಳದ ಧೂಳು ಅದಕ್ಕೆ ಅಂಟುತ್ತದೆ. ಚಳಿದೇಶದಲ್ಲಿ ಹೆಪ್ಪುಗಟ್ಟುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಜೋರಾಗಿ ಊದಿದಷ್ಟೂ ಗುಂಡು ಕಿಂಡಿಗೆ ಒತ್ತಿಕೊಂಡು ನಿಂತುಬಿಡುವ ಸಂಭವ ಹೆಚ್ಚು. ಅಂದರೆ ಅತ್ಯಂತ ಮುಖ್ಯವಾದ ಗಳಿಗೆಯಲ್ಲಿ, ರೆಫ್ರಿ ತನ್ನ ಉಸಿರನ್ನೆಲ್ಲ ಹಾಕಿ ಊದುವಾಗಲೇ ಅದು ಕೈಕೊಡುತ್ತದೆ. ನೂರು ವರ್ಷದಲ್ಲಿ ಎಷ್ಟು ರೆಫ್ರಿಗಳಿಗೆ ಹೀಗಾಗಿದ್ದೀತು! ಅವರೆಲ್ಲ ಸೀಟಿಯನ್ನು ತೊಡೆಗೆ ಕುಟ್ಟಿ, ಗುಂಡನ್ನು ಸಡಿಲಿಸಿ, ಆಟ ಮುಂದುವರಿಸಿದರು. ಅದು ಕೆಲಸದ ಜೊತೆ ಬರುವ ಕರ್ಮ ಎಂದುಕೊಂಡರು.

ಫಾಕ್ಸ್‌ಕ್ರಾಫ್ಟ್ ಹಾಗೆಂದುಕೊಳ್ಳಲಿಲ್ಲ. ಊರಿಗೆ ಮರಳಿ, ಪ್ಲಾಸ್ಟಿಕ್ ಅಚ್ಚಿನ ಕೆಲಸ ಬಲ್ಲ ವಿನ್ಯಾಸಕಾರ ಚಕ್ ಶೆಪರ್ಡ್ ಅವರನ್ನು ಹಿಡಿದರು. ಕೇಳಿದ್ದು ಒಂದೇ: ಒಳಗೆ ಅಲುಗಾಡುವ ಯಾವ ಭಾಗವೂ ಇರಬಾರದು, ಆದರೆ ಆ ನಡುಗು ಇರಬೇಕು. ಹೇಳಲು ಸುಲಭ. ಗುಂಡು ತೆಗೆದರೆ ಉಳಿಯುವುದು ಕೊಳಲಿನಂಥ ಒಂಟಿ ನಾದ, ಅದು ಸ್ಟೇಡಿಯಮ್ಮಿನ ಅರಚಾಟದಲ್ಲಿ ಮುಳುಗಿಹೋಗುತ್ತದೆ. ಮೂರೂವರೆ ವರ್ಷ ಮಾದರಿಯ ಮೇಲೆ ಮಾದರಿ ಮಾಡಿದರು, ಹದಿನಾಲ್ಕು ಮಾಡಿದರೆಂದು ಲೆಕ್ಕ ಸಿಗುತ್ತದೆ. ಫಾಕ್ಸ್‌ಕ್ರಾಫ್ಟ್ ಕೈಯಿಂದ ಹಣ ಹೋಯಿತು, ಸಾಲವಾಯಿತು. ಇಷ್ಟು ಕಾಲವೂ ಅವರು ರೆಫ್ರಿ ಕೆಲಸ ಬಿಡಲಿಲ್ಲ ಎನ್ನುವುದನ್ನು ಗಮನಿಸಬೇಕು. ಹಳೆಯ ಗುಂಡಿನ ಸೀಟಿಯನ್ನೇ ಕಟ್ಟಿಕೊಂಡು, ಅದು ಯಾವಾಗ ಕೈಕೊಡುತ್ತದೋ ಎಂಬ ಅರಿವಿನಲ್ಲೇ ಮೈದಾನಕ್ಕೆ ಇಳಿಯುತ್ತಿದ್ದರು.

ಕೊನೆಗೆ ದಾರಿ ಸಿಕ್ಕಿದ್ದು ಹಡ್ಸನ್ನನ ಅಪಸ್ವರದಲ್ಲೇ. ಒಂದು ಕೋಣೆಯ ಬದಲು ಮೂರು ಪುಟ್ಟ ಕೋಣೆ, ಮೂರಕ್ಕೂ ಅಳತೆಯಲ್ಲಿ ಕೂದಲೆಳೆ ವ್ಯತ್ಯಾಸ. ಹಾಗಾಗಿ ಒಂದೇ ಉಸಿರಿಗೆ ಮೂರು ನಾದ ಹೊರಡುತ್ತವೆ, ಮೂರೂ ಪರಸ್ಪರ ಹತ್ತಿರ, ಯಾವುದೂ ಇನ್ನೊಂದರ ಮೇಲೆ ಸರಿಯಾಗಿ ಕೂರುವುದಿಲ್ಲ. ತಂಬೂರಿಯ ಎರಡು ತಂತಿ ಇನ್ನೂ ಶ್ರುತಿ ಸೇರದೆ ಇದ್ದಾಗ ‘ವೊಂಯ್ ವೊಂಯ್’ ಎಂದು ಒಂದು ಅಲೆ ಕೇಳುತ್ತದಲ್ಲ, ವೈಣಿಕರೂ ಗಾಯಕರೂ ಅದನ್ನು ಕಳೆಯಲೆಂದೇ ಬಿರಡೆ ತಿರುಗಿಸುತ್ತಾರೆ. ಶೆಪರ್ಡ್ ಮತ್ತು ಫಾಕ್ಸ್‌ಕ್ರಾಫ್ಟ್ ಅದೇ ಅಲೆಯನ್ನು ಬೇಕೆಂದೇ ಉಳಿಸಿಕೊಂಡರು. ನಾದಗಳ ಕಂಪನಸಂಖ್ಯೆ ಸೆಕೆಂಡಿಗೆ ಸಾವಿರಗಳಲ್ಲಿ ಇರುವುದರಿಂದ ಅಲೆಯೂ ವೇಗವಾಗಿ ಬರುತ್ತದೆ, ಗುಂಡು ಸುತ್ತುವಾಗಿನ ನಡುಗಿನಂತೆಯೇ ಕೇಳುತ್ತದೆ. ಮನುಷ್ಯನ ಕಿವಿ ಅತಿ ಸೂಕ್ಷ್ಮವಾಗಿರುವುದು ಸುಮಾರು 2,000ದಿಂದ 5,000 ಹರ್ಟ್ಸ್‌ವರೆಗೆ. ಈ ಸೀಟಿ ಕೂಗುವುದು ಅಲ್ಲೇ. ತಮಟೆಯ ಶಬ್ದ, ಗಂಡಸರ ಕೂಗಾಟದ ಭಾರ ಅದಕ್ಕಿಂತ ಬಹಳ ಕೆಳಗೆ. ಇಲ್ಲಿ ಗೆದ್ದದ್ದು ಬರೀ ಜೋರು ಎಂದುಕೊಳ್ಳಬಾರದು. ಖಾಲಿ ಇದ್ದ ಜಾಗ ನೋಡಿ ಕೂಗಿದ್ದೂ ಅಷ್ಟೇ ಮುಖ್ಯ. ನೀರಿಗೆ ಬಿದ್ದರೂ ಒಮ್ಮೆ ಜೋರಾಗಿ ಊದಿದರೆ ನೀರು ಹೊರಹೋಗುತ್ತದೆ. ಎಷ್ಟು ಬಲವಾಗಿ ಊದಿದರೂ ಕಟ್ಟಿಕೊಳ್ಳುವ ಪ್ರಶ್ನೆಯಿಲ್ಲ, ಕಟ್ಟಿಕೊಳ್ಳಲು ಒಳಗೆ ಏನೂ ಇಲ್ಲ.

‘ಫಾಕ್ಸ್ 40’ ಎಂದು ಹೆಸರಿಟ್ಟರು. ಅವರ ಹೆಸರಿನ ಮೊದಲ ತುಂಡು, ಆಗಿನ ಅವರ ವಯಸ್ಸು. ಮೊದಮೊದಲು ಕೊಳ್ಳುವವರಿರಲಿಲ್ಲ. 1987ರ ಆಗಸ್ಟಿನಲ್ಲಿ ಅಮೆರಿಕದ ಇಂಡಿಯಾನಪೊಲಿಸ್‌ನಲ್ಲಿ ಪ್ಯಾನ್ ಅಮೆರಿಕನ್ ಕ್ರೀಡಾಕೂಟ. ಫಾಕ್ಸ್‌ಕ್ರಾಫ್ಟ್ ರೆಫ್ರಿಯಾಗಿ ಹೋದರು, ಜೊತೆಯಲ್ಲಿ ಹೊಸ ಸೀಟಿ. ಅವರೇ ಹೇಳಿಕೊಂಡು ಬಂದಿರುವ ಪ್ರಕಾರ, ರೆಫ್ರಿಗಳೆಲ್ಲ ತಂಗಿದ್ದ ಕಟ್ಟಡದಲ್ಲಿ ನಡುರಾತ್ರಿ ಎರಡು ಗಂಟೆಗೆ ಅದನ್ನು ಊದಿದರಂತೆ. ಮಲಗಿದ್ದವರೆಲ್ಲ ಎದ್ದು ಬಾಗಿಲಿಗೆ ಬಂದರು. ಊರಿಗೆ ಮರಳುವ ಹೊತ್ತಿಗೆ ಕೈಯಲ್ಲಿ ಸಾವಿರಾರು ಸೀಟಿಗಳ ಬೇಡಿಕೆ. ಆಮೇಲೆ ಅದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಹಿಡಿದು ಕಡಲ ರಕ್ಷಣಾ ದಳದವರೆಗೆ ಹೋಯಿತು, ಆ ಭಾಗವನ್ನು ಬೆಳೆಸುವ ಅಗತ್ಯ ಕಾಣುವುದಿಲ್ಲ. ನನಗೆ ಮುಖ್ಯವಾದದ್ದು ಆ ನಡುರಾತ್ರಿಯಲ್ಲಿ ಎದ್ದು ಬಂದವರು ಯಾರು ಎನ್ನುವುದು. ಎಲ್ಲರೂ ರೆಫ್ರಿಗಳು. ಪ್ರತಿಯೊಬ್ಬರಿಗೂ ತಮ್ಮದೇ ಒಂದೊಂದು ಸಾವೊ ಪಾಲೊ ಇತ್ತು. ಹಾಗಾಗಿ ಯಾರಿಗೂ ಇದರ ಉಪಯೋಗ ವಿವರಿಸಬೇಕಾಗಲಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಈ ಸೀಟಿಯ ಶಬ್ದ 115 ಡೆಸಿಬೆಲ್ ಎಂದು ತಯಾರಕರೇ ಹೇಳುತ್ತಾರೆ. ಶಾಲೆಯ ಸಾಲಿನಲ್ಲಿ ನಿಂತ ಮಗುವಿನ ಕಿವಿಯ ಪಕ್ಕ ಅದನ್ನು ಊದುವುದು ತಪ್ಪು. ಮೈದಾನದ ಸೀಟಿ ಮೈದಾನದಲ್ಲಿರಲಿ.

ಕೆಟ್ಟ ದಿನದಿಂದ ಹೊಸ ವಸ್ತು ಹುಟ್ಟಿಸಿದ ಇನ್ನೊಬ್ಬ ರೆಫ್ರಿ ಕೆನ್ ಆಸ್ಟನ್, ನಮ್ಮ ಪಿ.ಟಿ. ಮೇಷ್ಟ್ರುಗಳಂತೆ ಶಾಲಾ ಶಿಕ್ಷಕ. 1962ರ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಸ್ಯಾಂಟಿಯಾಗೋದಲ್ಲಿ ಚಿಲಿ-ಇಟಲಿ ಪಂದ್ಯಕ್ಕೆ ಅವರೇ ರೆಫ್ರಿ. ಒದೆತ, ಗುದ್ದಾಟ, ಹೊರಗೆ ಹೋಗೆಂದ ಇಟಲಿಯ ಆಟಗಾರ ಹೋಗಲೊಲ್ಲ, ಪೊಲೀಸರು ಬಂದು ಎಳೆದುಕೊಂಡು ಹೋಗಬೇಕಾಯಿತು. ‘ಸ್ಯಾಂಟಿಯಾಗೋ ಕದನ’ ಎಂದೇ ಆ ಪಂದ್ಯದ ಹೆಸರು ಉಳಿದುಬಿಟ್ಟಿತು. ನಾಲ್ಕು ವರ್ಷದ ನಂತರ, 1966ರ ಜುಲೈ 23ರಂದು ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡ್-ಅರ್ಜೆಂಟೀನಾ ಪಂದ್ಯ. ಈಗ ಆಸ್ಟನ್ ವಿಶ್ವಕಪ್ಪಿನ ರೆಫ್ರಿಗಳ ಮೇಲ್ವಿಚಾರಕರು. ಜರ್ಮನಿಯ ರೆಫ್ರಿ ಕ್ರೈಟ್‌ಲೈನ್, ಅರ್ಜೆಂಟೀನಾದ ನಾಯಕ ರಟೀನ್‌ಗೆ ಹೊರಗೆ ಹೋಗೆಂದರು. ಇವರ ಭಾಷೆ ಅವರಿಗೆ ಬಾರದು, ಅವರದು ಇವರಿಗೆ. ರಟೀನ್ ನಿಮಿಷಗಟ್ಟಲೆ ಕದಲಲಿಲ್ಲ. ಅದೇ ಪಂದ್ಯದಲ್ಲಿ ಎಚ್ಚರಿಕೆ ಸಿಕ್ಕಿದ್ದ ಇಂಗ್ಲೆಂಡ್ ಆಟಗಾರ ಜ್ಯಾಕ್ ಚಾರ್ಲ್‌ಟನ್‌ಗೆ, ತನಗೆ ಎಚ್ಚರಿಕೆ ಸಿಕ್ಕಿದೆ ಎಂದು ತಿಳಿದದ್ದೇ ಪತ್ರಿಕೆ ಓದಿದ ಮೇಲೆ. ಆಸ್ಟನ್ ಕಾರಿನಲ್ಲಿ ಹೋಗುತ್ತಾ ಕೆನ್ಸಿಂಗ್ಟನ್ ಹೈ ಸ್ಟ್ರೀಟಿನ ಸಿಗ್ನಲ್ ದೀಪ ನೋಡಿದರು: ಹಳದಿ, ಕೆಂಪು. ಭಾಷೆಯೇ ಬೇಡದ ತೀರ್ಪು. 1970ರ ಮೆಕ್ಸಿಕೊ ವಿಶ್ವಕಪ್ಪಿನಿಂದ ರೆಫ್ರಿಗಳ ಜೇಬಿಗೆ ಕಾರ್ಡು ಬಂದವು. ಅಲ್ಲಿಂದ ವಾಲಿಬಾಲಿಗೆ, ಕಬಡ್ಡಿಗೆ. ಕಡೂರಿನ ಕಬಡ್ಡಿ ಅಂಕಣದಲ್ಲಿ ಇಂದು ರೆಫ್ರಿ ಹಸಿರು ಕಾರ್ಡು ಎತ್ತಿದರೆ ಎಚ್ಚರಿಕೆಯೆಂದು, ಹಳದಿ ಎತ್ತಿದರೆ ಎರಡು ನಿಮಿಷ ಹೊರಗೆಂದು ಬೇಲಿಯಾಚೆ ನಿಂತ ಮಗುವಿಗೂ ಗೊತ್ತು.

ಇಬ್ಬರ ಕತೆಯಲ್ಲೂ ಒಂದು ಸಂಗತಿ ಸಮಾನ. ಇಬ್ಬರೂ ತಮ್ಮ ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವ ಉಪಾಯ ಹುಡುಕಲಿಲ್ಲ. ತೀರ್ಪು ತಮ್ಮ ತಲೆಯಿಂದ ಹೊರಟು ಮೈದಾನ ಮುಟ್ಟುವ ದಾರಿಯಲ್ಲಿ ಎಲ್ಲಿ ಕಡಿದುಹೋಯಿತು ಎಂದು ಹುಡುಕಿದರು. ಒಬ್ಬರಿಗೆ ಶಬ್ದದಲ್ಲಿ, ಒಬ್ಬರಿಗೆ ಕಾಣುವುದರಲ್ಲಿ. ಅದನ್ನು ಸರಿಮಾಡುವುದರ ಜೊತೆಗೇ ಆತ್ಮವಿಶ್ವಾಸವೂ ಬಂತು.

ಕ್ರಿಕೆಟ್ಟಿನಲ್ಲಿ ಇದೇ ಹುಡುಕಾಟ ಬೇರೆ ದಾರಿ ಹಿಡಿಯಿತು. 2008ರ ಜನವರಿಯ ಸಿಡ್ನಿ ಟೆಸ್ಟ್ ಕನ್ನಡಿಗರು ಮರೆಯುವಂಥದ್ದಲ್ಲ. ನಾಯಕ ಅನಿಲ್ ಕುಂಬ್ಳೆ, ಕೊನೆಯ ದಿನ ಬ್ಯಾಟಿಗೆ ತಾಗದ ಚೆಂಡಿಗೆ ಔಟಾದವರು ರಾಹುಲ್ ದ್ರಾವಿಡ್, ಬೆರಳೆತ್ತಿದವರು ಅಂಪೈರ್ ಸ್ಟೀವ್ ಬಕ್ನರ್. ಮುಂದಿನ ಪರ್ತ್ ಟೆಸ್ಟಿನಿಂದ ಬಕ್ನರ್ ಅವರನ್ನು ಕೈಬಿಟ್ಟರು. ಅದೇ ವರ್ಷ ಜುಲೈನಲ್ಲಿ ಕೊಲಂಬೊದಲ್ಲಿ ತೀರ್ಪು ಮರುಪರಿಶೀಲನೆಯ ಪದ್ಧತಿ ಮೊದಲ ಸಲ ಪ್ರಯೋಗವಾದಾಗಲೂ ಭಾರತದ ನಾಯಕ ಕುಂಬ್ಳೆಯೇ. ಅಂಪೈರುಗಳಿಗೆ ಇದು ಅವಮಾನ ಎಂದು ಆಗ ವಾದಿಸಿದವರಿದ್ದರು. ನನ್ನ ಮಟ್ಟಿಗೆ ಅದು ಅವರ ಮೇಲಿನ ಕರುಣೆ: ತಪ್ಪು ಅಲ್ಲೇ, ಆ ನಿಮಿಷದಲ್ಲೇ ತಿದ್ದಿಕೊಳ್ಳುತ್ತದೆ, ಮನೆಗೆ ಹೊತ್ತುಕೊಂಡು ಹೋಗಬೇಕಿಲ್ಲ. ಆದರೆ ಅದಕ್ಕೆ ಬೇಕಾದ ಕ್ಯಾಮೆರಾ ಅಜ್ಜಂಪುರದ ಮೈದಾನಕ್ಕೆ ಬರುವುದಿಲ್ಲ. ಇಲ್ಲಿಯವರೆಗೆ ಬಂದದ್ದು ಕಡಿಮೆ ಬೆಲೆಯ ಸೀಟಿ ಮತ್ತು ರಟ್ಟಿನ ಕಾರ್ಡು.

ಸೀಟಿ ಸರಿಯಾದರೂ ಜನರ ಕೂಗು ರೆಫ್ರಿಯ ತಲೆಯೊಳಗೆ ಹೋಗುವುದನ್ನು ತಡೆಯಲಾಗುವುದಿಲ್ಲ. ಇಂಗ್ಲೆಂಡಿನ ಅಲನ್ ನೆವಿಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. 40 ಮಂದಿ ಅರ್ಹ ಫುಟ್‌ಬಾಲ್ ರೆಫ್ರಿಗಳಿಗೆ ಒಂದೇ ಪಂದ್ಯದ 47 ಪ್ರಸಂಗಗಳನ್ನು ತೋರಿಸಿದರು. ಕೆಲವರಿಗೆ ಜನರ ಗದ್ದಲದ ಸಮೇತ, ಉಳಿದವರಿಗೆ ಮೂಕವಾಗಿ. ಗದ್ದಲ ಕೇಳಿದವರು ಆತಿಥೇಯ ತಂಡದ ವಿರುದ್ಧ ಶೇ 15.5ರಷ್ಟು ಕಡಿಮೆ ಫೌಲ್ ಕೊಟ್ಟರು. ಅವರೆಲ್ಲ ಪ್ರಾಮಾಣಿಕರೇ, ಹೆದರಿಸುವ ಜನ ಎದುರಿಗೆ ಇರಲೂ ಇಲ್ಲ, ಬರೀ ಶಬ್ದ. ತರೀಕೆರೆಯಲ್ಲಿ ತರೀಕೆರೆ ತಂಡದ ಪಂದ್ಯಕ್ಕೆ ನಿಂತ ಮೇಷ್ಟ್ರಿಗೆ ಕೈ ಒಂದು ಕ್ಷಣ ತಡವಾದರೆ ಅದು ಅವರ ಚಾರಿತ್ರ್ಯದ ಕೊರತೆಯಲ್ಲ ಎಂದು ನಾವೂ ತಿಳಿಯಬೇಕು, ಅವರೂ ತಿಳಿಯಬೇಕು.

ರೆಫ್ರಿಗಳ ಆತ್ಮವಿಶ್ವಾಸ ಎಲ್ಲಿಂದ ಬರುತ್ತದೆ ಎಂಬುದನ್ನೇ ವಿಷಯವಾಗಿ ಹಿಡಿದವರು ಸ್ಪೇನಿನ ಫೆಲಿಕ್ಸ್ ಗಿಯೆನ್ ಮತ್ತು ಅಮೆರಿಕದ ಡೆಬೊರಾ ಫೆಲ್ಟ್ಜ್. 2011ರ ಅವರ ಲೇಖನದಲ್ಲಿ ಹೇಳುವ ಮೂಲಗಳಲ್ಲಿ ನಾನು ಹಿಡಿದುಕೊಂಡದ್ದು ಎರಡು. ಒಂದು, ತಾನೇ ಮಾಡಿ ಗೆದ್ದ ಅನುಭವ. ಇನ್ನೊಂದು, ಜೊತೆಯಲ್ಲಿ ನಿಂತ ರೆಫ್ರಿ ಎಂಥವರು ಎನ್ನುವುದು. ಈ ಎರಡನೆಯದನ್ನು ನಮ್ಮ ಪಂದ್ಯಾವಳಿ ನಡೆಸುವವರು ಮನಸ್ಸು ಮಾಡಿದರೆ ನಾಳೆಯೇ ಒದಗಿಸಬಹುದು.   ‘ಬೇರೆ ಯಾರ್ನಾದ್ರೂ ನೋಡ್ಕೊಳ್ರಪ್ಪ’ ಎಂದ ಮೇಷ್ಟ್ರನ್ನು ಹಾಗೇ ಬಿಟ್ಟು ಬರಬೇಡಿ. ಸ್ಟ್ಯಾಂಡಿನ ಮೇಲೆ ಅನುಭವಸ್ಥರೊಬ್ಬರನ್ನು ನಿಲ್ಲಿಸಿ, ಇವರನ್ನು ಎದುರು ಕಂಬದ ಬಳಿ ಎರಡನೇ ರೆಫ್ರಿಯಾಗಿ ಕರೆಯಿರಿ. ಅಲ್ಲಿ ನೋಡಬೇಕಾದದ್ದು ಇಷ್ಟೇ: ನೆಟ್ಟಿಗೆ ಕೈ ತಗುಲಿತೇ, ಕಾಲು ನಡುಗೆರೆ ದಾಟಿತೇ, ಸರ್ವೀಸ್ ತೆಗೆದುಕೊಳ್ಳುವ ತಂಡದವರು ತಮ್ಮ ತಮ್ಮ ಜಾಗದಲ್ಲಿದ್ದಾರೆಯೇ, ಆಟಗಾರರ ಬದಲಾವಣೆ, ಟೈಮ್‌ಔಟ್. ಸೆಟ್ಟಿಗೆ ತೊಂಬತ್ತು ಸಲ ಊದುವ ಭಾರವಿಲ್ಲ. ಊದುವ ಕೆಲವು ಸಲ ಮಾತ್ರ ಸ್ಪಷ್ಟವಾಗಿ, ಕೈ ಸನ್ನೆಯನ್ನು ಒಂದು ಕ್ಷಣ ಹೆಚ್ಚಾಗಿಯೇ ಹಿಡಿದು ತೋರಿಸಲಿ. ಸೆಟ್ ಮುಗಿದಾಗ ಮೇಲಿದ್ದವರು ಇಳಿದು ಬಂದು, ಆ ನೆಟ್ ಟಚ್ ನನಗೆ ಕಂಡಿರಲಿಲ್ಲ, ನೀವು ಹಿಡಿದಿರಿ ಎಂದು ನಿಜವಾಗಿದ್ದರೆ ಹೇಳಲಿ. ಮರುವಾರ ಬೀರೂರಿನಲ್ಲೋ ಶಿವನಿಯಲ್ಲೋ ಹೈಸ್ಕೂಲು ಹುಡುಗಿಯರ ಪಂದ್ಯ ಇದ್ದೇ ಇರುತ್ತದೆ, ಅಲ್ಲಿ ಸ್ಟ್ಯಾಂಡಿನ ಮೇಲೆ ಅವರನ್ನೇ ನಿಲ್ಲಿಸಬಹುದು.